ಹಾಸನದಲ್ಲಿ ಸನ್ನೆ ಭಾಷೆ ಕಲಿಯುತ್ತಿರುವವರು ಇದ್ದೀರಾ? ನನ್ನ ಎಂಟು ತಿಂಗಳ ಅನುಭವ

ಸಾಲಗಾಮೆ_ರೋಡ್, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಕಳೆದ ವರ್ಷ ಇಂಟರ್ನ್‌ಶಿಪ್‌ಗೆ ನನ್ನನ್ನು ಒಂದು ಹೈಸ್ಕೂಲಿಗೆ ಹಾಕಿದ್ದರು. ಎಂಟನೇ ಕ್ಲಾಸಿನಲ್ಲಿ, ಮೊದಲ ಬೆಂಚಿನ ತುದಿಯಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. "ಪಾಪ, ಒಳ್ಳೆ ಹುಡುಗಿ, ಏನೂ ತಂಟೆ ಇಲ್ಲ. ಬೋರ್ಡ್ ಮೇಲೆ ಇರೋದನ್ನ ನೀಟಾಗಿ ಬರ್ಕೋತಾಳೆ" ಅಂತ ಕ್ಲಾಸ್ ಟೀಚರ್ ಹೇಳಿದರು. ನಾನೂ ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ.

ಮೂರನೇ ದಿನ ನೋಟ್ಸ್ ತಿದ್ದಲು ಅವಳ ಪುಸ್ತಕ ತೆಗೆದುಕೊಂಡೆ. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಪಾಠದ ಸಾಲುಗಳು ಮುಗಿದ ಮೇಲೆ ಬಲಗಡೆ ಮೂಲೆಯಲ್ಲಿ ಚೌಕ ಹಾಕಿ "ಅಳಿಸಬೇಡಿ" ಅಂತ ಬರೆದಿದ್ದಳು. ಅದು ಗಣಿತದ ಮೇಷ್ಟ್ರು ತಮ್ಮ ಲೆಕ್ಕ ಉಳಿಯಲಿ ಅಂತ ಬೋರ್ಡಿನ ಮೂಲೆಯಲ್ಲಿ ಬರೆದಿದ್ದ ಮಾತು. ಹಿಂದಿನ ಪುಟ ತಿರುಗಿಸಿದೆ, ಅಲ್ಲೂ ಇತ್ತು. ಅದರ ಹಿಂದೆಯೂ ಇತ್ತು. ಎಣಿಸಿದೆ, ಹನ್ನೊಂದು ಕಡೆ. ಪ್ರತಿಯೊಂದಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆದ ಚೌಕ.

ಏಳು ವರ್ಷ ತಪ್ಪದೇ ಸ್ಕೂಲಿಗೆ ಬಂದ ಮಗು. ಅಕ್ಷರಗಳನ್ನು ರಂಗೋಲಿ ಎಳೆಗಳ ಹಾಗೆ ಎಳೆಯುವುದನ್ನು ಕಲಿತಿದ್ದಾಳೆ. ಅವು ಏನು ಹೇಳುತ್ತವೆ ಅಂತ ಅವಳಿಗೆ ಯಾರೂ ಹೇಳಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನವೇ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ಸೈನ್ ಲರ್ನ್ ಆ್ಯಪ್ ಹಾಕಿಕೊಂಡೆ. ಆ ಕೇಂದ್ರದ ನಿಘಂಟಿನಲ್ಲಿ 10,000ಕ್ಕೂ ಜಾಸ್ತಿ ಪದ ಇದೆ. ಎರಡು ವಾರ ಕೂತು ಇನ್ನೂರು ಪದ ಬಾಯಿಪಾಠ ಮಾಡಿದೆ. ಬಾಯಿಪಾಠ ಅನ್ನಬಾರದೇನೋ, ಕೈಪಾಠ. ಸೋಮವಾರ ತುಂಬಾ ಆಸೆಯಿಂದ ಅವಳ ಮುಂದೆ ನಿಂತು "ನಿನ್ನ ಹೆಸರು ಏನು" ಅಂತ ಸನ್ನೆ ಮಾಡಿದೆ. ಅವಳು ಸುಮ್ನೆ ನೋಡಿದಳು. ಆಮೇಲೆ ನಕ್ಕು, ಪೆನ್ನು ಹಿಡಿದು, ಮತ್ತೆ ಬೋರ್ಡ್ ನೋಡಿದಳು.

ಅವಳಿಗೂ ಆ ಭಾಷೆ ಬರುತ್ತಿರಲಿಲ್ಲ! ಕಿವಿ ಕೇಳಿಸದವರಿಗೆ ಸನ್ನೆ ಭಾಷೆ ತಾನಾಗೇ ಬರುತ್ತದೆ ಅಂತ ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ. ಎಲ್ಲಿಂದ ಬರಬೇಕು ಹೇಳಿ? ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳಿಸುತ್ತದೆ. ಊರಿನಲ್ಲಿ ಅವಳಂಥವರು ಇನ್ನೊಬ್ಬರಿಲ್ಲ. ಅಮ್ಮನೂ ಅವಳೂ ಸೇರಿ ಕಟ್ಟಿಕೊಂಡ ಒಂದು ಮೂವತ್ತು ನಲವತ್ತು ಮನೆ ಸನ್ನೆಗಳಿವೆ. ಊಟ, ನೀರು, ಹಸು, ಅಪ್ಪ, ಬೈತಾರೆ, ಬಸ್ಸು. ಅವಳ ಹತ್ತಿರ ಇರುವ ಮಾತೆಲ್ಲ ಅಷ್ಟೇ.

ಆಮೇಲೆ ಸ್ನೇಹಿತೆಯೊಬ್ಬಳು ಒಬ್ಬರು ಟೈಲರ್ ಹತ್ತಿರ ಕರೆದುಕೊಂಡು ಹೋದಳು. ಐವತ್ತು ದಾಟಿದವರು, ಕಿವುಡರು. ಚಿಕ್ಕವರಿದ್ದಾಗ ಮೈಸೂರಿನ ತಿಲಕ್ ನಗರದ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದವರು. ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ಭಾನುವಾರ ಅಂಗಡಿಯ ಮಹಡಿಯಲ್ಲಿ ಕಲಿಸುತ್ತಾರೆ. ಮೊದಲ ದಿನ ಅರ್ಧ ಗಂಟೆ ಒಂದೂ ಸನ್ನೆ ಹೇಳಿಕೊಡಲಿಲ್ಲ. ನಾನು ಅವರ ಕೈ ನೋಡಿದಾಗಲೆಲ್ಲ ಗದ್ದ ಹಿಡಿದು ನನ್ನ ಮುಖ ಮೇಲೆತ್ತಿದರು. ನೋಡಬೇಕಾದ್ದು ಮುಖವನ್ನು. ಕೈ ಕಣ್ಣಂಚಿನಲ್ಲೇ ಕಾಣುತ್ತದೆ. ಇಷ್ಟು ಕಲಿಯಲು ನನಗೆ ಮೂರು ಭಾನುವಾರ ಬೇಕಾಯಿತು.

ಮುಖದಲ್ಲೇ ಅರ್ಧ ವ್ಯಾಕರಣ ಇದೆ ಅಂತ ಆಮೇಲೆ ಗೊತ್ತಾಯಿತು. ಒಂದು ದಿನ ಮೇಷ್ಟ್ರಿಗೆ "ಊಟ ಆಯ್ತಾ" ಅಂತ ಕೇಳಿದೆ. ಕೈ ಸರಿಯಾಗಿತ್ತು. ಅವರು ತಲೆಯಾಡಿಸಿ, ಒಳ್ಳೆಯದು ಅಂದು, ಗುಂಡಿ ಹಾಕುವುದನ್ನು ಮುಂದುವರಿಸಿದರು. ನಾನು ಹುಬ್ಬು ಏರಿಸಿರಲಿಲ್ಲ. ಹಾಗಾಗಿ ನಾನು ಹೇಳಿದ್ದು "ಊಟ ಆಯ್ತು" ಅಂತ ಆಗಿತ್ತು. ಕನ್ನಡದಲ್ಲಿ "ಆಯ್ತು", "ಆಯ್ತಾ" ನಡುವೆ ಇರುವುದು ಕೊನೆಯ ಒಂದು ಸ್ವರ, ಅಲ್ವಾ? ಆ ಸ್ವರದ ಕೆಲಸವನ್ನು ಇಲ್ಲಿ ಹುಬ್ಬು ಮಾಡುತ್ತದೆ.

ಇನ್ನೊಂದು ಖುಷಿಯ ವಿಷಯ. ಕನ್ನಡದವರಿಗೆ ಈ ಭಾಷೆಯ ಜೋಡಣೆ ಅಷ್ಟು ದೂರದ್ದಲ್ಲ. ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. "ಇಲ್ಲ" ಅನ್ನುವುದೂ ಕೊನೆಗೇ. ನಾನು, ಕಾಫಿ, ಕುಡಿ, ಇಲ್ಲ. ಪ್ರಶ್ನೆಯ ಪದ ಮಾತ್ರ ನಮಗಿಂತ ಬೇರೆ. ನಾವು "ನೀನು ಎಲ್ಲಿಗೆ ಹೋಗ್ತೀಯ" ಅಂತೀವಿ, ಅವರು "ನೀನು ಹೋಗು ಎಲ್ಲಿ" ಅಂತಾರೆ. ಇಂಗ್ಲಿಷ್ ವಾಕ್ಯ ತಲೆಯಲ್ಲಿಟ್ಟುಕೊಂಡು ಬಂದ ನನ್ನ ಸ್ನೇಹಿತೆ ನನಗಿಂತ ಜಾಸ್ತಿ ತಡವರಿಸಿದಳು.

ನಿಮ್ಮಲ್ಲಿ ಯಾರಾದರೂ ಕಲಿಯುತ್ತಿದ್ದೀರಾ? ಹಾಸನ, ಚಿಕ್ಕಮಗಳೂರು ಕಡೆಯವರು ಇದ್ದರೆ ದಯವಿಟ್ಟು ಬರೆಯಿರಿ.

ಬೋರೆ_ಗಾಳಿ, ಚಿಕ್ಕಮಗಳೂರು

ಅಕ್ಕಾ, "ಅಳಿಸಬೇಡಿ" ಓದಿ ಕಣ್ಣು ತುಂಬಿ ಬಂತು. ನಾನು ವಿಶೇಷ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡುತ್ತಿದ್ದೇನೆ. ಊರು ಚಿಕ್ಕಮಗಳೂರು, ಬೇಲೂರು ರಸ್ತೆಯಲ್ಲಿ ಮನೆ.

ಕಿವುಡರ ಇತಿಹಾಸ ಓದಿದಾಗ ನನಗೆ ತಡೆಯಲಾಗದಷ್ಟು ಸಿಟ್ಟು ಬಂದಿದ್ದು 1880ರ ಮಿಲಾನ್ ಸಮ್ಮೇಳನದ ಪಾಠದಲ್ಲಿ. ಕಿವುಡ ಮಕ್ಕಳಿಗೆ ಪಾಠ ಕಲಿಸುವವರೆಲ್ಲ ಇಟಲಿಯಲ್ಲಿ ಸೇರಿ, ಸನ್ನೆ ಬೇಡ, ಬಾಯಿ ಮಾತೇ ಕಲಿಸಬೇಕು ಅಂತ ನಿರ್ಣಯ ಮಾಡಿದರು. ಅಲ್ಲಿ ಕೂತು ಕೈ ಎತ್ತಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳಿಸುವವರು. ಆಮೇಲೆ ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ನಿಂತಿತು. ಕಿವುಡ ಮೇಷ್ಟ್ರುಗಳು ಕೆಲಸ ಕಳೆದುಕೊಂಡರು. ಆ ನಿರ್ಣಯಕ್ಕೆ ಅದೇ ಸಮ್ಮೇಳನದವರು ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. 130 ವರ್ಷ! ನಡುವೆ 1960ರಲ್ಲಿ ವಿಲಿಯಂ ಸ್ಟೋಕಿ ಅನ್ನುವ ಅಮೆರಿಕದ ಪ್ರೊಫೆಸರ್, ಸನ್ನೆಗೂ ಮಾತಿನ ಹಾಗೆಯೇ ಒಳಗೊಂದು ಕಟ್ಟು ಇದೆ, ಅದು ಪೂರ್ತಿ ಭಾಷೆ ಅಂತ ತೋರಿಸಿದರು. ಕೈಯ ಆಕಾರ, ಕೈ ಇರುವ ಜಾಗ, ಚಲನೆ, ಇವು ಬದಲಾದರೆ ಅರ್ಥವೇ ಬದಲಾಗುತ್ತದೆ. ನಮ್ಮಲ್ಲಿ "ಕಲ್ಲು", "ಹಲ್ಲು" ಬೇರೆ ಆದ ಹಾಗೆ.

ಪ್ರಪಂಚಕ್ಕೆಲ್ಲ ಒಂದೇ ಸನ್ನೆ ಭಾಷೆ ಅಂತ ನಾನೂ ಅಂದುಕೊಂಡಿದ್ದೆ. ಯೂಟ್ಯೂಬ್ ನೋಡಿ ಅಮೆರಿಕದ ಒಂದು ಕೈಯ ಅಕ್ಷರಮಾಲೆ ಕಲಿತುಬಿಟ್ಟಿದ್ದೆ. ನಮ್ಮ ಭಾರತೀಯ ಸನ್ನೆಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಎರಡೂ ಕೈ ಬೇಕು. ಕಲಿತದ್ದನ್ನು ಮರೆಯಲು ಕಲಿತದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ಹೊಸಬರು ಮೊದಲೇ ನೋಡಿಕೊಳ್ಳಿ.

ಕನ್ನಡದ ಹೆಸರುಗಳನ್ನು ಬೆರಳಿನಲ್ಲಿ ಹೇಳುವುದು ಇನ್ನೊಂದು ಕಷ್ಟ. ಇಂಗ್ಲಿಷ್ ಅಕ್ಷರದಲ್ಲೇ ಹೇಳಬೇಕು, ಅದರಲ್ಲಿ ಳಕಾರ ಎಲ್ಲಿದೆ? "ಮಳೆ"ಯೂ "ಮಲೆ"ಯೂ ಒಂದೇ ಆಗುತ್ತವೆ. ಅದಕ್ಕೇ ಇರಬೇಕು, ಕಿವುಡರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರು ಇರುವುದು ಎಷ್ಟು ಅನುಕೂಲ ಅನ್ನಿಸುತ್ತದೆ. ಅದನ್ನು ನಾವೇ ಇಟ್ಟುಕೊಳ್ಳುವ ಹಾಗಿಲ್ಲ, ಅವರು ಕೊಡಬೇಕು. ನನಗೆ ಕೊಟ್ಟಿರುವುದು ಕೆನ್ನೆ ಮೇಲಿನ ಮಚ್ಚೆ.

ಕಣದ_ರೈಟರ್, ಮೂಡಿಗೆರೆ

ನಾನು ವಿದ್ಯಾರ್ಥಿ ಅಲ್ಲ. ಮೂಡಿಗೆರೆ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ. ನಮ್ಮ ಲೈನಿನಲ್ಲಿ (ಕೂಲಿಯವರ ಸಾಲುಮನೆ) ಒಬ್ಬ ಮೂಗ ಹುಡುಗ ಇದ್ದಾನೆ, ಇಪ್ಪತ್ತೆರಡು ವರ್ಷ ಇರಬಹುದು. ಕೊಯ್ಲಿನಲ್ಲಿ ಅವನನ್ನು ಮೀರಿಸುವವರಿಲ್ಲ. ಸಾಯಂಕಾಲ ಹಣ್ಣು ತೂಕ ಹಾಕುವಾಗ ದಿನಾ ಗಲಾಟೆ. ಕಾಟಾ (ತಕ್ಕಡಿ) ಕಡೆ ಕೈ ತೋರಿಸುತ್ತಾನೆ, ಎದೆ ತಟ್ಟಿಕೊಳ್ಳುತ್ತಾನೆ. ನಾನು ಪುಸ್ತಕದಲ್ಲಿ ಬರೆದದ್ದು ತೋರಿಸಿದರೆ ಓದಲು ಬರುವುದಿಲ್ಲ. ಕೊನೆಗೆ ಸಿಟ್ಟು ಮಾಡಿಕೊಂಡು ಚೀಲ ಬಿಟ್ಟು ಹೋಗುತ್ತಾನೆ. ನಾನು ಮೋಸ ಮಾಡುತ್ತಿಲ್ಲ ಅಂತ ಅವನಿಗೆ ಹೇಗೆ ಹೇಳಲಿ?

ಇನ್ನೊಂದು ಭಯ ಇದೆ. ಆನೆ ಬಂದಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ, ಜನ ಕೂಗಿ ಹೇಳುತ್ತಾರೆ. ಅವನಿಗೆ ಎರಡೂ ತಲುಪುವುದಿಲ್ಲ. ಹೋದ ವರ್ಷ ಎಲ್ಲರೂ ಓಡಿ ಬಂದ ಮೇಲೆ ಎಣಿಸಿ ನೋಡಿದರೆ ಇವನಿಲ್ಲ. ಇಬ್ಬರು ವಾಪಸ್ ಹೋಗಿ ಭುಜ ಹಿಡಿದು ಎಳೆದುಕೊಂಡು ಬಂದರು. ಗಿಡದ ಕೆಳಗೆ ಕೂತು ಉದುರಿದ ಹಣ್ಣು ಆಯುತ್ತಿದ್ದನಂತೆ. ನನಗೆ ಹತ್ತು ಪದ ಹೇಳಿಕೊಟ್ಟರೂ ಸಾಕು.

ಆಲೂರಿನ_ಮಗಳು, ಆಲೂರು

ರೈಟರ್ ಅಣ್ಣ, ನಿಮ್ಮ ಕಾಳಜಿ ದೊಡ್ಡದು. ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಮೂಗ" ಅನ್ನುವ ಪದ ಬೇಡ. ನನ್ನ ಅಪ್ಪ ಅಮ್ಮ ಇಬ್ಬರೂ ಕಿವುಡರು. ಸಂತೆಯಲ್ಲಿ "ಮೂಗನ ಮಗಳು" ಅಂತ ಕರೆಸಿಕೊಂಡೇ ಬೆಳೆದವಳು ನಾನು. ಅಪ್ಪನಷ್ಟು ಮಾತಾಡುವವರನ್ನು ನಮ್ಮ ಊರಿನಲ್ಲಿ ನಾನು ನೋಡಿಲ್ಲ. ಕೈಯಲ್ಲಿ ಮಾತಾಡುತ್ತಾರೆ ಅಷ್ಟೇ.

ನನ್ನ ಮೊದಲ ಭಾಷೆ ಸನ್ನೆ. ಕನ್ನಡ ಬಂದದ್ದು ಅಜ್ಜಿಯಿಂದ. ಆರು ವರ್ಷಕ್ಕೇ ಮನೆಗೆ ಬರುವ ಫೋನೆಲ್ಲ ನಾನೇ ಎತ್ತುತ್ತಿದ್ದೆ. ಬ್ಯಾಂಕಿಗೂ ನಾನೇ, ರೇಷನ್ ಅಂಗಡಿಗೂ ನಾನೇ. ಅದು ಹೆಮ್ಮೆಯೂ ಆಗಿತ್ತು. ಒಂದು ದಿನ ಮಾತ್ರ ಇವತ್ತಿಗೂ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದೆ. ಅಮ್ಮನಿಗೆ ಹೊಟ್ಟೆ ನೋವು ಅಂತ ಒಂದು ಆಸ್ಪತ್ರೆಗೆ ಹೋಗಿದ್ದೆವು. ಗರ್ಭಕೋಶ ತೆಗೆಯಬೇಕು, "ನಿಮ್ಮ ಅಮ್ಮನಿಗೆ ಹೇಳು" ಅಂದರು ಡಾಕ್ಟರ್. ನನಗೆ ಹನ್ನೆರಡು ವರ್ಷ. ಆ ಪದಕ್ಕೆ ನನ್ನ ಹತ್ತಿರ ಸನ್ನೆ ಇರಲಿಲ್ಲ. ಅದರ ಅರ್ಥವೂ ಸರಿಯಾಗಿ ಗೊತ್ತಿರಲಿಲ್ಲ. "ಮಗು ಇರುವ ಜಾಗ, ತೆಗೆದು ಹಾಕು" ಅಂತ ಹೇಳಿದೆ. ಅಮ್ಮ ನನ್ನನ್ನೇ ತೆಗೆದು ಹಾಕುತ್ತಾರೇನೋ ಅನ್ನುವ ಹಾಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದ ಕೈಯಲ್ಲಿ ಮುಂದಕ್ಕೆ ಏನೂ ಹೇಳಲು ಆಗಲಿಲ್ಲ.

ಅದಕ್ಕೇ ಇಂಟರ್‌ಪ್ರಿಟರ್ (ಸನ್ನೆಯನ್ನು ಮಾತಿಗೂ ಮಾತನ್ನು ಸನ್ನೆಗೂ ದಾಟಿಸುವವರು) ಕೋರ್ಸಿಗೆ ಅರ್ಜಿ ಹಾಕಿದ್ದೇನೆ. ಎರಡು ವರ್ಷದ ಡಿಪ್ಲೊಮಾ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವಂಥದ್ದು. ಮನೆ ಭಾಷೆ ಬಂದರೆ ಇಂಟರ್‌ಪ್ರಿಟರ್ ಆಗಿಬಿಡಬಹುದು ಅಂತ ಎಲ್ಲರೂ ಅಂತಾರೆ. ಆಗುವುದಿಲ್ಲ. ಹೇಳಿದ್ದನ್ನು ಕೂಡಿಸದೆ ಕಳೆಯದೆ ದಾಟಿಸುವುದು ಬೇರೆಯೇ ವಿದ್ಯೆ.

ಕಿವುಡರ ಸಂಸ್ಕೃತಿ ಅಂತ ಪಾಠದಲ್ಲಿ ಏನು ಬರೆದಿದ್ದಾರೋ ನಾನು ನೋಡಿಲ್ಲ. ನಮ್ಮ ಮನೆಯದನ್ನು ಹೇಳುತ್ತೇನೆ. ಆಷಾಢದಲ್ಲಿ ನಮ್ಮ ಕಡೆ ಮಳೆ ಹಿಡಿದರೆ ಕರೆಂಟ್ ಮೂರು ದಿನ ಇರುವುದಿಲ್ಲ. ಬೇರೆ ಮನೆಗಳಲ್ಲಿ ಕತ್ತಲಾದರೆ ಮಾತು ಜಾಸ್ತಿ ಆಗುತ್ತದೆ. ನಮ್ಮ ಮನೆಯಲ್ಲಿ ನಿಂತುಹೋಗುತ್ತದೆ. ಅಪ್ಪ ಅಡುಗೆಮನೆಯ ಜಂತೆಗೆ ಒಂದು ಮೊಳೆ ಹೊಡೆದು, ಟಾರ್ಚ್ ಅನ್ನು ತಲೆಕೆಳಗಾಗಿ ಕಟ್ಟುತ್ತಿದ್ದರು. ಅದರ ಬೆಳಕು ಒಂದು ಚಾಪೆಯಷ್ಟು ಅಗಲ ಬೀಳುತ್ತಿತ್ತು. ಮೂವರೂ ಅದರ ಸುತ್ತ ಕೂತು, ಮಾತಾಡುವವರು ಮಾತ್ರ ಕೈ ಮುಂದೆ ಚಾಚಿ, ಮುಖ ಬೆಳಕಿಗೆ ಬಗ್ಗಿಸುತ್ತಿದ್ದೆವು. ಸೆಲ್ ಮುಗಿದರೆ ಅಮ್ಮ ನನ್ನ ಅಂಗೈ ತನ್ನ ಕೈ ಮೇಲೆ ಇಟ್ಟುಕೊಂಡು ಸನ್ನೆ ಮಾಡುತ್ತಿದ್ದಳು. ನಾನು ಮುಟ್ಟಿ ಓದುತ್ತಿದ್ದೆ. ಕಥೆಗಳೆಲ್ಲ ನನಗೆ ಹಾಗೆಯೇ ಬಂದದ್ದು.

ಕಣದ_ರೈಟರ್, ಮೂಡಿಗೆರೆ

ತಪ್ಪಾಯ್ತಮ್ಮ. ಇಲ್ಲಿ ಎಲ್ಲರೂ ಹಾಗೇ ಅಂತಾರೆ, ನಾನೂ ಯೋಚನೆ ಮಾಡದೆ ಬರೆದೆ. ಇನ್ನು ಆ ಪದ ಬಳಸುವುದಿಲ್ಲ. ಹಾಗಾದರೆ "ಶ್ರವಣದೋಷ ಉಳ್ಳವನು" ಅನ್ನಬೇಕಾ?

ಕಣ್ಣೇ_ಕಿವಿ, ಚಿಕ್ಕಮಗಳೂರು

ನಾನು ಹೇಳುತ್ತೇನೆ. ನಾನು ಕಿವುಡ. ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಡಿಸೈನ್ ಕೆಲಸ, ಫ್ಲೆಕ್ಸ್, ಲಗ್ನಪತ್ರಿಕೆ. ಆಫೀಸ್ ಕಾಗದದಲ್ಲಿ "ಶ್ರವಣದೋಷ" ಅಂತ ಬರೆಯಲಿ. ಆದರೆ ನನಗೆ ದೋಷ ಅನ್ನುವ ಪದ ಇಷ್ಟ ಇಲ್ಲ. ಕಿವುಡ ಅನ್ನಿ ಸಾಕು. ಬೈಯುವ ಹಾಗೆ ಅನ್ನಬೇಡಿ ಅಷ್ಟೇ.

ನನ್ನ ಕನ್ನಡದಲ್ಲಿ ತಪ್ಪು ಇದ್ದರೆ ಕ್ಷಮಿಸಿ. ಕನ್ನಡ ನನಗೆ ಎರಡನೇ ಭಾಷೆ. ಸ್ಕೂಲಿನಲ್ಲಿ "ನಾನು ನಿನ್ನೆ ಹಾಸನ ಹೋಗು" ಅಂತ ಬರೆದರೆ ಕೆಂಪು ಗೆರೆ ಹಾಕುತ್ತಿದ್ದರು. ಹಾಸನಕ್ಕೆ, ಹಾಸನದಿಂದ, ಹಾಸನದಲ್ಲಿ. ಈ ಬಾಲ ಯಾಕೆ ಬೇಕು ಅಂತ ಯಾರೂ ಹೇಳಲಿಲ್ಲ. ಸನ್ನೆಯಲ್ಲಿ ನಾನು ನಿಮಗೆ ಕೊಟ್ಟರೆ ನನ್ನ ಕೈ ನನ್ನಿಂದ ನಿಮ್ಮ ಕಡೆ ಹೋಗುತ್ತದೆ. ನೀವು ನನಗೆ ಕೊಟ್ಟರೆ ನಿಮ್ಮ ಕಡೆಯಿಂದ ನನ್ನ ಕಡೆ ಬರುತ್ತದೆ. ಅದರಲ್ಲೇ "ನಿಂದ" ಇದೆ, "ಗೆ" ಇದೆ. ಒಬ್ಬ ಮೇಷ್ಟ್ರು ಇದನ್ನು ಬೋರ್ಡ್ ಮೇಲೆ ಬಾಣ ಹಾಕಿ ತೋರಿಸಿದರು. ಆಗ ನನಗೆ ಹದಿನೇಳು ವರ್ಷ. ಒಂದೇ ದಿನದಲ್ಲಿ ತಿಳಿಯಿತು.

ಎಲ್ಲರೂ ಕೇಳುತ್ತಾರೆ, ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿಯುತ್ತದಾ ಅಂತ. ಕನ್ನಡಿ ಮುಂದೆ ನಿಂತು ದನಿ ಇಲ್ಲದೆ ಹೇಳಿ ನೋಡಿ: ಪಡಿ, ಬಡಿ, ಮಡಿ. ಮೂರೂ ಒಂದೇ. ಅಂಗಡಿಯಲ್ಲಿ ಒಬ್ಬರು ಬಂದು "ಮಡಿಸಿ ಕೊಡಿ" ಅಂದರೋ "ಬಡಿಸಿ" ಅಂದರೋ ನಾನು ಊಹೆ ಮಾಡಬೇಕು. ದಿನ ಇಡೀ ಊಹೆ ಮಾಡಿದರೆ ಸಾಯಂಕಾಲಕ್ಕೆ ತಲೆ ನೋಯುತ್ತದೆ. ಮೀಸೆ ಇರುವವರು, ಎಲೆ ಅಡಿಕೆ ಹಾಕಿದವರು ಬಂದರೆ ಪೆನ್ನು ಕೊಡುತ್ತೇನೆ.

ಈಗ ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ರಾಜೆಕ್ಟ್ ಅಂತ ನಮ್ಮ ಹತ್ತಿರ ತುಂಬಾ ಜನ ಬಂದಿದ್ದಾರೆ. ಎರಡು ವಾರ ಬರುತ್ತಾರೆ, "ಧನ್ಯವಾದ" ಸನ್ನೆ ಕಲಿಯುತ್ತಾರೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ. ಆಮೇಲೆ ಐ.ಜಿ. ರಸ್ತೆಯಲ್ಲಿ ಎದುರು ಸಿಕ್ಕರೂ ಕೈ ಎತ್ತುವುದಿಲ್ಲ. ಸನ್ನೆ ತಪ್ಪಾಗುತ್ತದೆ ಅಂತ ಭಯ ಇರಬಹುದು. ತಪ್ಪಾಗಲಿ. ನಾನು ನಿಮ್ಮ ಭಾಷೆಯಲ್ಲಿ ಇಪ್ಪತ್ತು ವರ್ಷದಿಂದ ತಪ್ಪು ಮಾಡುತ್ತಿದ್ದೇನೆ.

ನಮ್ಮ ಪದ್ಧತಿಯನ್ನೂ ಕಲಿಯಿರಿ. ಕರೆಯಬೇಕಾದರೆ ಭುಜ ತಟ್ಟಿ, ದೂರ ಇದ್ದರೆ ಕೈ ಬೀಸಿ, ಕೋಣೆಯಲ್ಲಿ ಜನ ಜಾಸ್ತಿ ಇದ್ದರೆ ಲೈಟ್ ಆರಿಸಿ ಹಾಕಿ. ಬೆನ್ನು ಹಿಡಿದು ತಿರುಗಿಸಬೇಡಿ. ಇಬ್ಬರು ಮಾತಾಡುವಾಗ ನಡುವೆ ದಾಟಬೇಕಾದರೆ ಬೇಗ ದಾಟಿ, ನಿಂತು "ಸಾರಿ" ಹೇಳುತ್ತಾ ಅಡ್ಡ ನಿಲ್ಲಬೇಡಿ. ನಾವು "ದಪ್ಪ ಆಗಿದ್ದೀಯ" ಅಂತ ನೇರವಾಗಿ ಹೇಳುತ್ತೇವೆ, ಅದು ಜಗಳ ಅಲ್ಲ. ಚಪ್ಪಾಳೆಗೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತೇವೆ. ಹೊರಡುತ್ತೇನೆ ಅಂದ ಮೇಲೆ ಒಂದು ಗಂಟೆ ಬಾಗಿಲಲ್ಲಿ ನಿಂತು ಮಾತಾಡುತ್ತೇವೆ. ನಮ್ಮವರು ಸಿಗುವುದೇ ಅಪರೂಪ. 2011ರ ಜನಗಣತಿಯಲ್ಲಿ ಕಿವಿ ಕೇಳಿಸದವರು ದೇಶದಲ್ಲಿ 50 ಲಕ್ಷಕ್ಕೂ ಜಾಸ್ತಿ. ಆದರೆ ನನ್ನ ಬೀದಿಯಲ್ಲಿ ನಾನೊಬ್ಬನೇ.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಮೂಲಕ ವಾದ ಮಾಡಿದರು. ಅವರೂ ಕಿವುಡರು. ಆ ವಿಡಿಯೊವನ್ನು ನಮ್ಮ ಗ್ರೂಪಿನಲ್ಲಿ ಎಲ್ಲರೂ ಎಷ್ಟು ಸಲ ನೋಡಿದೆವೋ ಲೆಕ್ಕ ಇಲ್ಲ.

ಪುಟ್ಟಿಯ_ಅಮ್ಮ, ಅರಸೀಕೆರೆ

ಎಲ್ಲರ ಬರಹ ಓದುತ್ತಾ ಕೂತಿದ್ದೇನೆ. ನನ್ನ ಮಗಳಿಗೆ ಮೂರು ವರ್ಷ. ಎರಡು ವರ್ಷ ತುಂಬಿದ ಮೇಲೆ ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾಯಿತು. ಕಿವಿಗೆ ಮಷಿನ್ (ಶ್ರವಣ ಸಾಧನ) ಹಾಕಿಸಿದ್ದೇವೆ. ತೋರಿಸಿದ ಕಡೆ ಒಬ್ಬರು "ಸನ್ನೆ ಮಾಡಲೇಬೇಡಿ, ಅಭ್ಯಾಸ ಆದರೆ ಮಾತು ಕಲಿಯುವುದಿಲ್ಲ" ಅಂದರು. ಅತ್ತೆಯೂ ಅದನ್ನೇ ಹಿಡಿದುಕೊಂಡಿದ್ದಾರೆ. ಅವಳು ಏನಾದರೂ ಬೇಕು ಅಂತ ಕೈ ತೋರಿಸಿದರೆ ನಾನು ನೋಡದ ಹಾಗೆ ಇರಬೇಕು, ಬಾಯಲ್ಲಿ ಕೇಳುವವರೆಗೆ ಕೊಡಬಾರದು. ಮೊನ್ನೆ ನೀರಿಗೆ ಕೈ ತೋರಿಸಿ, ನಾನು ಕೊಡದೇ ಇದ್ದಾಗ, ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಮಾಡಿದ್ದು ಸರಿಯಾ?

ಮಾನಸಗಂಗೋತ್ರಿ_ಮೆಟ್ಟಿಲು, ಸಕಲೇಶಪುರ

ಮೇಡಂ, ನಾನು ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ವಿಷಯವನ್ನೇ ಓದುತ್ತಿರುವ ವಿದ್ಯಾರ್ಥಿ, ಊರು ಸಕಲೇಶಪುರ. ನೀರು ಕೊಡಿ. ಈಗಲೇ ಕೊಡಿ.

ಸನ್ನೆ ಕಲಿತರೆ ಮಾತು ನಿಂತುಹೋಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಮೊದಲ ಕೆಲವು ವರ್ಷಗಳಲ್ಲಿ ಮಗುವಿಗೆ ಒಂದು ಪೂರ್ತಿ ಭಾಷೆ ಸಿಗಬೇಕು, ಅದು ಕಿವಿಯಿಂದ ಬಂದರೂ ಸರಿ, ಕಣ್ಣಿನಿಂದ ಬಂದರೂ ಸರಿ. ಆ ವಯಸ್ಸು ದಾಟಿದ ಮೇಲೆ ಭಾಷೆ ಕಟ್ಟುವುದು ತುಂಬಾ ಕಷ್ಟ. ಮೇಲೆ ಅಕ್ಕ ಬರೆದ ಎಂಟನೇ ಕ್ಲಾಸಿನ ಹುಡುಗಿಗೆ ಆಗಿರುವುದು ಅದೇ.

ಆದರೆ ನಾನು ಇನ್ನೊಂದು ಕಡೆಯನ್ನೂ ಹೇಳಲೇಬೇಕು, ಇಲ್ಲಿ ಕೆಲವರಿಗೆ ಇಷ್ಟ ಆಗದೇ ಇರಬಹುದು. ಮಷಿನ್ ಬಿಡಬೇಡಿ. ಪರೀಕ್ಷೆ ತಡ ಮಾಡಬೇಡಿ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಮಾಡಿಸುವುದಾದರೆ ಚಿಕ್ಕ ವಯಸ್ಸಿನಲ್ಲೇ ಆಗಬೇಕು, ಆಮೇಲೆ ವರ್ಷಗಟ್ಟಲೆ ತರಬೇತಿ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆ ಬಂದು ತೋರಿಸಿ. ಅರಸೀಕೆರೆಯಿಂದ ಮೈಸೂರಿಗೆ ರೈಲಿದೆ. ಮಷಿನ್ ಬೇಕಾ ಸನ್ನೆ ಬೇಕಾ ಅಂತ ಯಾಕೆ ಒಂದನ್ನೇ ಆರಿಸಬೇಕು? ಎರಡೂ ಇರಲಿ.

ಕಣ್ಣೇ_ಕಿವಿ, ಚಿಕ್ಕಮಗಳೂರು

ನನಗೆ ಚಿಕ್ಕವನಿದ್ದಾಗ ಮಷಿನ್ ಹಾಕಿದ್ದರು. ನನಗೆ ಗದ್ದಲ ಮಾತ್ರ ಕೇಳಿಸಿತು, ಬಿಟ್ಟೆ. ನನ್ನ ಸ್ನೇಹಿತನಿಗೆ ಉಪಯೋಗ ಆಯಿತು. ಎಲ್ಲರಿಗೂ ಒಂದೇ ತರ ಇಲ್ಲ. ಇದನ್ನು ಒಪ್ಪುತ್ತೇನೆ.

ಪುಟ್ಟಿಯ ಅಮ್ಮ, ನನ್ನ ಅಮ್ಮ ನನ್ನ ಜೊತೆ ಸನ್ನೆ ಕಲಿಯಲಿಲ್ಲ. ಅವಳು ಒಳ್ಳೆಯವಳು, ನನಗಾಗಿ ಎಲ್ಲ ಮಾಡಿದಳು. ಆದರೆ ಹಬ್ಬದ ದಿನ ಎಲ್ಲರೂ ಪಂಕ್ತಿಯಲ್ಲಿ ಕೂತು ನಗುವಾಗ ನಾನು "ಏನು" ಅಂತ ಕೇಳಿದರೆ "ಆಮೇಲೆ ಹೇಳ್ತೀನಿ" ಅಂತ ಕೈ ತೋರಿಸುತ್ತಿದ್ದಳು. ಆಮೇಲೆ ಯಾವತ್ತೂ ಹೇಳಲಿಲ್ಲ. ಈಗ ಅವಳಿಗೆ ಅರವತ್ತೆಂಟು. ಈಗ ಅವಳಿಗೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಹೋದ ವರ್ಷದಿಂದ ಕಲಿಯುತ್ತಿದ್ದಾಳೆ.

ನೀವು ಈಗಲೇ ಕಲಿಯಿರಿ.

ಪುಟ್ಟಿಯ_ಅಮ್ಮ, ಅರಸೀಕೆರೆ

ನೀರು ಕೊಟ್ಟೆ. "ನೀರು" ಸನ್ನೆ ಆ್ಯಪ್ ನೋಡಿ ಮಾಡಿ ತೋರಿಸಿದೆ. ಎರಡನೇ ಸಲಕ್ಕೇ ವಾಪಸ್ ಮಾಡಿದಳು. ಆಮೇಲೆ ಬೇಡದಿದ್ದರೂ ನಾಲ್ಕು ಸಲ ಕೇಳಿ ನಾಲ್ಕು ಲೋಟ ನೀರು ತರಿಸಿಕೊಂಡಳು.

ಬೋರೆ_ಗಾಳಿ, ಚಿಕ್ಕಮಗಳೂರು

ಇಲ್ಲಿ ಒಂದು ವಿಷಯ ಸೇರಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಸನ್ನೆ ಭಾಷೆ ಗೊತ್ತಿರುವ ಶಿಕ್ಷಕರನ್ನು ತರಬೇತಿ ಕೊಟ್ಟು ನೇಮಿಸಬೇಕು ಅಂತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. 2021ರಿಂದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಭಾರತೀಯ ಸನ್ನೆ ಭಾಷೆಯನ್ನು ಒಂದು ವಿಷಯವಾಗಿ ಓದಬಹುದು. ಕಾಗದದ ಮೇಲೆ ಎಲ್ಲ ಇದೆ. ಕ್ಲಾಸ್ ರೂಮಿಗೆ ಬರಬೇಕು.

ಸಾಲಗಾಮೆ ರೋಡ್ ಅಕ್ಕ, ನಿಮ್ಮ ಬಿ.ಎಡ್.ನಲ್ಲಿ ಎಷ್ಟು ಕಲಿಸುತ್ತಾರೆ?

ಸಾಲಗಾಮೆ_ರೋಡ್, ಹಾಸನ

ಸಮನ್ವಯ ಶಿಕ್ಷಣ ಅಂತ ಒಂದು ಪೇಪರ್ ಇದೆ. ಅದರಲ್ಲಿ ಕಿವುಡ ಮಕ್ಕಳ ಬಗ್ಗೆ ಇರುವುದೆಲ್ಲ ಓದಿ ಬರೆಯುವಂಥದ್ದು. 70 ಡೆಸಿಬಲ್ ಶ್ರವಣ ನಷ್ಟ ಅಂದರೆ ಏನು ಅಂತ ನಾನು ಪರೀಕ್ಷೆಯಲ್ಲಿ ಚೆನ್ನಾಗೇ ಬರೆದೆ. ಒಂದೇ ಒಂದು ಸನ್ನೆ ಯಾರೂ ಮಾಡಿ ತೋರಿಸಲಿಲ್ಲ. ನನಗೆ ಇದು ನಿಜವಾಗಲೂ ನೋವಿನ ವಿಷಯ. ನಾಳೆ ನಾವೇ ಆ ಕ್ಲಾಸಿಗೆ ಹೋಗಿ ನಿಲ್ಲುವವರು.

ಹುಡುಗಿಯ ಬಗ್ಗೆ ಇನ್‌ಬಾಕ್ಸಿನಲ್ಲಿ ತುಂಬಾ ಜನ ಕೇಳಿದ್ದೀರಿ. ಇಂಟರ್ನ್‌ಶಿಪ್ ಮುಗಿದಿದೆ, ಆದರೂ ಅವಳೂ ಅವಳ ಅಮ್ಮನೂ ತಿಂಗಳಿಗೆ ಎರಡು ಭಾನುವಾರ ಮೇಷ್ಟ್ರ ಹತ್ತಿರ ಬರುತ್ತಾರೆ. ಮೊದಲ ದಿನ ಅವಳು ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ನೋಡುತ್ತಾ ನಿಂತುಬಿಟ್ಟಳು. ದೊಡ್ಡವರು ಕೈಯಲ್ಲಿ ಮಾತಾಡಿ ಜೋರಾಗಿ ನಗುವುದನ್ನು ಅವಳು ಹದಿಮೂರು ವರ್ಷದಲ್ಲಿ ನೋಡಿದ್ದು ಅದೇ ಮೊದಲು. ಮೇಷ್ಟ್ರು ಕತ್ತರಿ, ಟೇಪು, ದಾರದ ಉಂಡೆ ಒಂದೊಂದಾಗಿ ಎತ್ತಿ ಸನ್ನೆ ಹೇಳಿಕೊಟ್ಟರು. ಕಪ್ಪು ಬಟ್ಟೆಯ ತುಂಡಿನ ಮೇಲೆ ಟೈಲರ್ ಚಾಕಿನಲ್ಲಿ "ಕತ್ತರಿ" ಅಂತ ಬರೆದು, ಕತ್ತರಿ ತೋರಿಸಿ, ಸನ್ನೆ ಮಾಡಿದರು. ಅವಳು ಬಟ್ಟೆ ನೋಡಿದಳು, ಕತ್ತರಿ ನೋಡಿದಳು, ಮತ್ತೆ ಬಟ್ಟೆ ನೋಡಿದಳು. ಬೆರಳಿನಲ್ಲಿ "ಕ" ಮುಟ್ಟಿದಳು. ಕೂಡಲೇ ಬ್ಯಾಗಿನಿಂದ ನೋಟ್ ಪುಸ್ತಕ ತೆಗೆದು, ಒಂದು ಪುಟ ತೆರೆದು, ಮೂಲೆಯ ಚೌಕದ ಮೇಲೆ ಬೆರಳಿಟ್ಟು ಹುಬ್ಬು ಗಂಟು ಹಾಕಿ ಮೇಷ್ಟ್ರನ್ನು ನೋಡಿದಳು. ಇದು ಏನು?

ಮೇಷ್ಟ್ರು ಬಟ್ಟೆ ಮೇಲಿನ ಚಾಕನ್ನು ಅಂಗೈಯಿಂದ ಒರೆಸಿ ತೋರಿಸಿ, ಆಮೇಲೆ ಬೇಡ ಅಂತ ಸನ್ನೆ ಮಾಡಿದರು. ಅವಳು ತುಂಬಾ ಹೊತ್ತು ಪುಟ ನೋಡಿದಳು. ನಂತರ ರಬ್ಬರ್ ಕೇಳಿದಳು. ಪೆನ್ನಿನಲ್ಲಿ ಬರೆದದ್ದು ಅಳಿಸಲು ಆಗಲಿಲ್ಲ, ಹಾಗಾಗಿ ಹನ್ನೊಂದು ಚೌಕಗಳ ಮೇಲೂ ಒಂದೊಂದಾಗಿ ಕಾಟು ಹಾಕಿದಳು.

ರೈಟರ್ ಸರ್, ನಿಮ್ಮ ಹುಡುಗನಿಗೆ ಅಂತ ಮೇಷ್ಟ್ರನ್ನು ಕೇಳಿದೆ. ಅವನಿಗೆ ಸಂಖ್ಯೆ ಗೊತ್ತಾ ಮೊದಲು ನೋಡಿ ಅಂದರು. ಕಾಟಾದ ಮೇಲೆ ಒಂದು ಕೆ.ಜಿ.ಯ ಕಲ್ಲು ಇಟ್ಟು ಒಂದು ಬೆರಳು, ಎರಡು ಇಟ್ಟು ಎರಡು ಬೆರಳು ತೋರಿಸಿ. ಖಾಲಿ ಚೀಲದ ತೂಕ ಎಷ್ಟು ಕಳೆಯುತ್ತೀರಿ ಅಂತ ಚೀಲ ಖಾಲಿ ಮಾಡಿ ತೋರಿಸಿ. ಆನೆಗೆ ಅವನದೇ ಒಂದು ಸನ್ನೆ ಇದ್ದೇ ಇರುತ್ತದೆ, ಅದನ್ನು ನೀವು ಅವನಿಂದ ಕಲಿತು ಜೊತೆಯವರಿಗೆಲ್ಲ ಕಲಿಸಿ. ಕೆಲಸದಲ್ಲಿ ಯಾವಾಗಲೂ ಅವನ ಕಣ್ಣಿಗೆ ಕಾಣುವ ಹಾಗೆ ಒಬ್ಬರು ಇರಲಿ.

ಕಣದ_ರೈಟರ್, ಮೂಡಿಗೆರೆ

ನಾಲ್ಕು ದಿನ ಆಯಿತು, ಈಗ ಬರೆಯುತ್ತಿದ್ದೇನೆ. ಕಲ್ಲಿಟ್ಟು ತೋರಿಸಿದೆ. ಹತ್ತರವರೆಗೆ ಅವನಿಗೆ ಮೊದಲೇ ಗೊತ್ತಿತ್ತು. ಖಾಲಿ ಚೀಲ ಕಾಟಾದ ಮೇಲೆ ಹಾಕಿದಾಗ ಅವನ ಗಲಾಟೆ ಯಾಕೆ ಅಂತ ನನಗೇ ತಿಳಿಯಿತು. ಒದ್ದೆ ಚೀಲಕ್ಕೂ ಒಣ ಚೀಲಕ್ಕೂ ನಾನು ಒಂದೇ ತೂಕ ಕಳೆಯುತ್ತಿದ್ದೆ. ಅವನ ಚೀಲ ಯಾವಾಗಲೂ ಒಣಗಿರುತ್ತದೆ, ಒಲೆ ಮೇಲೆ ಕಾಯಿಸಿ ತರುತ್ತಾನೆ. ಎರಡು ಕೊಯ್ಲಿನಿಂದ ಅವನು ಹೇಳುತ್ತಿದ್ದದ್ದು ಇದನ್ನೇ. ಸಾಹುಕಾರರಿಗೆ ಹೇಳಿ ಲೆಕ್ಕ ಸರಿ ಮಾಡಿಸಿದ್ದೇನೆ.

ಆನೆ ಸನ್ನೆ ಅವನು ಸೊಂಡಿಲು ಮಾಡಿ ತೋರಿಸುವುದಿಲ್ಲ, ಎರಡು ಕೈಯಲ್ಲಿ ಬೈನೆ ಮರ ಮುರಿಯುವ ಹಾಗೆ ಮಾಡುತ್ತಾನೆ. ಲೈನಿನವರೆಲ್ಲ ಕಲಿತರು.

ಭಾನುವಾರ ಅವನನ್ನು ಕರೆದುಕೊಂಡು ಹಾಸನಕ್ಕೆ ಬರಬಹುದಾ? ಮೇಷ್ಟ್ರು ಒಪ್ಪುತ್ತಾರಾ?

ಸಾಲಗಾಮೆ_ರೋಡ್, ಹಾಸನ

ಖಂಡಿತ ಬನ್ನಿ ಸರ್. ಹನ್ನೊಂದು ಗಂಟೆಗೆ. ಜಾಗ ಇನ್‌ಬಾಕ್ಸಿನಲ್ಲಿ ಹಾಕಿದ್ದೇನೆ. ಆಲೂರಿನ ತಂಗಿ ಅಪ್ಪ ಅಮ್ಮನ ಜೊತೆ ಬರುತ್ತೇನೆ ಅಂದಿದ್ದಾಳೆ. ಪುಟ್ಟಿಯೂ ಬರುತ್ತಾಳಂತೆ.

ಕಣ್ಣೇ_ಕಿವಿ, ಚಿಕ್ಕಮಗಳೂರು

ನಾನೂ ಬರುತ್ತೇನೆ. ಬರುವವರು ಸಾಲಾಗಿ ಕೂರಬೇಡಿ, ಸುತ್ತಲೂ ಕೂರಿ. ಕಿಟಕಿಗೆ ಬೆನ್ನು ಮಾಡಿ ಕೂರಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟ ಮಾಡೋಣ, ಆದರೆ ಕೈ ತೊಳೆದ ಮೇಲೆ ಮಾತು.